ಅಣ್ಣತಮ್ಮಂದಿರ ಗೇಟಿಗೆ ಬೆಲ್ ಹಾಕುವುದು

ಕುರುಬರಹಳ್ಳಿಯಿಂದ ವಿಜಯನಗರದವರೆಗೆ ನಡೆದು ಹೋದರೆ ದಾರಿಯುದ್ದಕ್ಕೂ ನನ್ನ ಕೈಕೆಲಸ ಕಾಣುತ್ತದೆ. ಕಾಂಪೌಂಡ್ ಗೋಡೆಯ ಮೇಲೆ ಬಟನ್‌ಗಳಿರುವ ಸ್ಟೀಲಿನ ಪ್ಯಾನೆಲ್, ಕಾರ್ಡು ತೋರಿಸಿದರೆ ಟಕ್ಕೆಂದು ಬಿಚ್ಚಿಕೊಳ್ಳುವ ಚಿಕ್ಕ ಗೇಟು, ವಾಚ್‌ಮನ್ ಕೋಣೆಯಿಂದ ಮನೆಮನೆಗೆ ಹೋಗುವ ಇಂಟರ್‌ಕಾಂ. ನಾನು ಪ್ರತಿಯೊಂದರ ಮುಂದೆಯೂ ಒಂದು ಗಳಿಗೆ ನಿಲ್ಲುತ್ತೇನೆ. ‘ಇದು ನಂದು, ಆ ಮೂಲೆಯದೂ ನಂದು’ ಎಂದು ತೋರಿಸಿದರೆ ನನ್ನ ಸೊಸೆ, ‘ಅತ್ತೆ, ರಾಜಾಜಿನಗರ ಪೂರ್ತಿ ನಿಮ್ದೇನಾ?’ ಎಂದು ರೇಗಿಸುತ್ತಾಳೆ. ಪೂರ್ತಿ ಅಲ್ಲ. ಆದರೆ ಸರಿಯಾಗಿ ಕೆಲಸ ಮಾಡುವ ಗೇಟುಗಳಲ್ಲಿ ಬಹಳಷ್ಟು ನನ್ನವೇ.

ನಿವೃತ್ತಿಯಾದ ಮೇಲೂ ಕಂಪನಿಯ ಹೊಸ ಹುಡುಗ ಹುಡುಗಿಯರು ಫೋನು ಮಾಡುತ್ತಾರೆ. ಯಾವ ವೈರು ಯಾವುದಕ್ಕೆ, ಲಾಕ್ ಬಿಸಿಯಾದರೆ ಏನು ಮಾಡಬೇಕು ಎಂದೆಲ್ಲ ಕೇಳುತ್ತಾರೆ. ಅದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯಬಹುದು ಕಣ್ರಪ್ಪಾ ಅನ್ನುತ್ತೇನೆ. ವಿಡಿಯೋದಲ್ಲಿ ಸಿಗದ ಕೆಲವು ಸಂಗತಿಗಳಿವೆ. ಅವನ್ನು ಬರೆಯಲು ಕೂತಿದ್ದೇನೆ.

ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗ ಏಣಿ ಹತ್ತುವ ಹೆಂಗಸು ನಮ್ಮ ಕಂಪನಿಯಲ್ಲಿ ನಾನೊಬ್ಬಳೇ. ಸೂಪರ್‌ವೈಸರ್ ರಂಗಸ್ವಾಮಿ ಸಾರ್ ಮೊದಲ ದಿನವೇ, ‘ಆಫೀಸಲ್ಲಿ ಕೂತ್ಕೊಂಡು ಕಂಪ್ಲೇಂಟ್ ಬರ್ಕೊಳಮ್ಮ’ ಎಂದರು. ‘ಬರ್ಕೊಂಡಿದ್ದನ್ನ ರಿಪೇರಿ ಮಾಡೋಕೂ ಬರುತ್ತೆ ಸಾರ್’ ಎಂದೆ. ಅವರು ಮುಖ ಗಂಟು ಹಾಕಿಕೊಂಡೇ ನನ್ನ ಕೈಗೆ ಡ್ರಿಲ್ಲಿಂಗ್ ಮಿಷಿನ್ ಕೊಟ್ಟರು. ಗ್ರಾಹಕರದು ಇನ್ನೊಂದು ಕಥೆ. ಗೇಟಿನಲ್ಲಿ ಬೆಲ್ ಒತ್ತಿ ‘ಇಂಟರ್‌ಕಾಂ ರಿಪೇರಿ’ ಎಂದರೆ ಒಳಗಿನಿಂದ, ‘ಮೆಕ್ಯಾನಿಕ್ ಯಾವಾಗ ಬರ್ತಾರಮ್ಮ?’ ಎಂದು ಕೇಳುತ್ತಿದ್ದರು. ‘ಬಂದಿದಾರೆ, ಬಾಗಿಲು ತೆಗೀರಿ’ ಎನ್ನುತ್ತಿದ್ದೆ. ಆಮೇಲಾಮೇಲೆ ಮಧ್ಯಾಹ್ನದ ಹೊತ್ತು ಹೆಂಗಸರಷ್ಟೇ ಇರುವ ಮನೆಗಳಿಂದ ‘ಭಾಗ್ಯಮ್ಮನ್ನೇ ಕಳಿಸಿ’ ಎಂಬ ಫೋನುಗಳು ಬರತೊಡಗಿದವು. ರಂಗಸ್ವಾಮಿ ಸಾರ್‌ಗೆ ಆಗ ನನ್ನ ಬೆಲೆ ತಿಳಿಯಿತು.

ಗಂಟು ಮುಖದ ಮನುಷ್ಯನಾದರೂ ಅವರು ಕಲಿಸಿದ ಒಂದು ಪಾಠವನ್ನು ನಾನು ಮರೆತಿಲ್ಲ. ‘ಕೆಲಸ ಮುಗೀತು ಅಂತ ಓಡ್ಬೇಡ. ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತ್ಕೊ. ಬರೋರು ಏನು ಮಾಡ್ತಾರೆ ನೋಡು’ ಎನ್ನುತ್ತಿದ್ದರು. ನಾನು ಕೊನೆಯವರೆಗೂ ಹಾಗೇ ನಿಂತೆ. ಹಾಗೆ ನಿಂತಾಗಲೇ ಗೊತ್ತಾಗಿದ್ದು, ಒತ್ತಬೇಕಾದ ಬಟನ್ ಬಿಟ್ಟು ಜನ ಹೆಸರಿನ ಚೀಟಿಯನ್ನು ಒತ್ತುತ್ತಾರೆ, ಮಾತಾಡಬೇಕಾದಲ್ಲಿ ಕಿವಿ ಇಡುತ್ತಾರೆ, ಕೇಳಬೇಕಾದಲ್ಲಿ ಬಾಯಿ ಇಡುತ್ತಾರೆ. ಇದು ಯಾವ ಪುಸ್ತಕದಲ್ಲೂ ಇಲ್ಲ.

ಲೈನು ಪರೀಕ್ಷಿಸುವಾಗ ನಮ್ಮವರೆಲ್ಲ ‘ಹಲೋ ಹಲೋ, ಕೇಳ್ತಿದೆಯಾ’ ಎಂದು ಕೂಗುತ್ತಾರೆ. ನಾನು ಬೆಲ್ ಒತ್ತಿ ಸುಮ್ಮನೆ ನಿಲ್ಲುತ್ತಿದ್ದೆ. ಒಳಗಿನವರು ‘ಯಾರು?’ ಅನ್ನಲೇಬೇಕು. ಆ ಒಂದು ಪದ ಸ್ಪಷ್ಟವಾಗಿ ಕೇಳಿಸಿದರೆ ಲೈನು ಸರಿಯಿದೆ ಎಂದರ್ಥ. ಜೊತೆಗೆ ಆ ಮನೆಯ ಗುಣವೂ ಗೊತ್ತಾಗುತ್ತಿತ್ತು. ಗದರಿಸುವ ಮನೆ, ಹೆದರುವ ಮನೆ, ಯಾರಾದರೂ ಬರಲಪ್ಪಾ ಎಂದು ಕಾಯುತ್ತಿರುವ ಮನೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಬರೀ ಬೆಲ್ಲು ಮತ್ತು ಮಾತು, ಆಮೇಲೆ ಕಾರ್ಡು, ಬೆರಳಚ್ಚು, ಈಗ ಮುಖ ನೋಡಿ ಗುರುತಿಸುವ ಕ್ಯಾಮೆರಾ. ಬೆರಳಚ್ಚು ಬಂದಾಗ ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವ ಹೆಂಗಸರ ಬೆರಳನ್ನು ಯಂತ್ರ ಗುರುತಿಸಲೇ ಇಲ್ಲ. ಸೋಪಿನಪುಡಿಯಲ್ಲಿ ಬೆರಳ ಗೆರೆಗಳು ಸವೆದುಹೋಗಿದ್ದವು. ಸವೆಯದ ಎಡಗೈ ಕಿರುಬೆರಳು ಹಿಡಿಸಿ ಎಲ್ಲರನ್ನೂ ದಾಖಲಿಸಿದೆ. ಅಂದಿನಿಂದ ಅವರು ಕಿರುಬೆರಳು ಎತ್ತಿಕೊಂಡೇ ಗೇಟಿಗೆ ಬರುತ್ತಿದ್ದರು, ಮಕ್ಕಳು ಟೂ ಬಿಡುವಾಗ ತೋರಿಸುತ್ತವಲ್ಲ, ಹಾಗೆ.

ಮುಖ ನೋಡುವ ಕ್ಯಾಮೆರಾ ಬಂದ ವರ್ಷದ ಆಯುಧಪೂಜೆ ನನಗೆ ಚೆನ್ನಾಗಿ ನೆನಪಿದೆ. ಸುಂಕದಕಟ್ಟೆಯಿಂದ ಗಾಬರಿಯ ಫೋನು ಬಂತು, ಯಾರ ಮುಖಕ್ಕೂ ಗೇಟು ತೆಗೆಯುತ್ತಿಲ್ಲ ಎಂದು. ಹೋಗಿ ನೋಡಿದರೆ ಕ್ಯಾಮೆರಾ ಗಾಜಿನ ಮೇಲೆ ಅಡ್ಡಡ್ಡ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ವಾಚ್‌ಮನ್‌ನನ್ನು ಕೇಳಿದೆ. ‘ಮೇಡಂ, ಮೋಟ್ರಿಗೆ ಹಚ್ದೆ, ಜನರೇಟ್ರಿಗೆ ಹಚ್ದೆ. ಇಷ್ಟೆಲ್ಲಾ ದುಡಿಯೋ ಇದಕ್ಕೊಂದು ಬಿಟ್ರೆ ಹೆಂಗೆ?’ ಎಂದ. ಅವನ ಮಾತಿನಲ್ಲಿ ತಪ್ಪೇನಿತ್ತು? ಅಂದಿನಿಂದ ನಾನು ಹೊಸ ಯಂತ್ರ ಕೂರಿಸಿದ ದಿನವೇ ಅದರ ತಲೆಯ ಮೇಲೆ ಕುಂಕುಮದ ಬೊಟ್ಟಿಟ್ಟು, ‘ಹಬ್ಬದಲ್ಲಿ ಇಲ್ಲೇ ಹಚ್ಚಿ, ಗಾಜಿಗೆ ಬೇಡ’ ಎಂದು ಹೇಳಿ ಬರುತ್ತಿದ್ದೆ. ಈ ಅಭ್ಯಾಸವನ್ನು ನೀವೂ ಇಟ್ಟುಕೊಳ್ಳಿ.

ಇನ್ನು ಅತ್ತಿಗುಪ್ಪೆಯ ಮನೆಯ ವಿಷಯ. ಎಷ್ಟೋ ದೊಡ್ಡ ಅಪಾರ್ಟ್‌ಮೆಂಟುಗಳ ಕೆಲಸ ಮಾಡಿದರೂ ನನಗೆ ಹೆಮ್ಮೆ ಅಂದರೆ ಇದರದೇ.

ಅತ್ತಿಗುಪ್ಪೆ ಊರಾಗಿದ್ದ ಕಾಲದಿಂದ ಅಲ್ಲೇ ಇರುವ ಒಕ್ಕಲು ಮನೆತನ. ಹೊಲ ಲೇಔಟಾಯಿತು, ಹಟ್ಟಿಯ ಜಾಗದಲ್ಲಿ ಕಟ್ಟಡ ಎದ್ದಿತು. ನೆಲಮಹಡಿಯಲ್ಲಿ ಅಣ್ಣ ಬೋರೇಗೌಡರು, ಅವರ ಜೊತೆ ತಾಯಿ ಕೆಂಪಮ್ಮ. ನಡುವಿನ ಎರಡು ಮಹಡಿಗಳಲ್ಲಿ ಬಾಡಿಗೆಯವರು. ಮೂರನೇ ಮಹಡಿಯಲ್ಲಿ ತಮ್ಮ ಕೃಷ್ಣೇಗೌಡರು. ಗೃಹಪ್ರವೇಶದ ಮುಂಚಿನ ದಿನ ನಾನು ಹೋಗಿ ಗೇಟಿಗೆ ಬಟನ್‌ಗಳ ಪ್ಯಾನೆಲ್ ಹಾಕಿ, ಹೆಸರಿನ ಚೀಟಿ ಕೂರಿಸಿದೆ. ಮೂರನೇ ಮಹಡಿಯದು ಮೇಲೆ, ನೆಲಮಹಡಿಯದು ಕೆಳಗೆ.

ಮರುದಿನ ಹೋಳಿಗೆ ಊಟಕ್ಕೆ ನನ್ನನ್ನೂ ಕರೆದಿದ್ದರು. ನೆಂಟರೆಲ್ಲ ಗೇಟಿನ ಹೊಸ ವಸ್ತುವನ್ನು ನೋಡಲು ಸೇರಿದ್ದರು. ಅವರ ಸೋದರಮಾವ ಚೀಟಿ ಓದಿ, ‘ಏನ್ಲಾ ಬೋರ, ಮನೆಗೆ ಹಿರೀಮಗ ನೀನು. ನಿನ್ ತಮ್ಮ ಮೇಲೆ ಕೂತವ್ನೆ, ನೀನು ಕೆಳಗಿದ್ದೀಯಲ್ಲ’ ಎಂದು ನಕ್ಕರು. ತಮಾಷೆಗೆ ಅಂದದ್ದು. ಬೋರೇಗೌಡರ ಮುಖ ಕೆಂಪಾಯಿತು.

‘ಇದನ್ನ ಯಾರು ಬರ್ಸಿದ್ದು?’ ಎಂದು ತಮ್ಮನನ್ನು ಕೇಳಿದರು.

‘ನಾನ್ಯಾಕಣ್ಣ ಬರ್ಸಲಿ?’

‘ಮತ್ತೆ ಅದಾಗ್ ಅದೇ ಹೋಗಿ ಮೇಲೆ ಕೂತ್ಕೊಂತಾ?’

ನಾನು ನಡುವೆ ಹೋಗಿ, ‘ಗೌಡ್ರೇ, ಮೇಲಿನ ಮಹಡಿ ಮೇಲೆ, ಕೆಳಗಿನ ಮಹಡಿ ಕೆಳಗೆ. ಎಲ್ಲಾ ಕಡೆ ಹೀಗೇ. ಬೇಕಾದ್ರೆ ಈಗ್ಲೇ ಬದ್ಲಾಯಿಸ್ತೀನಿ’ ಎಂದೆ. ಅಷ್ಟರಲ್ಲಿ ಮಾತಿಗೆ ಮಾತು ಬೆಳೆದಿತ್ತು. ಯಾರ ಮದುವೆಯಲ್ಲಿ ಯಾರನ್ನು ಮುಂದೆ ಕೂರಿಸಿದರು, ಅಪ್ಪನ ತಿಥಿಯಲ್ಲಿ ಯಾರು ತಡವಾಗಿ ಬಂದರು, ಎಲ್ಲ ಹೊರಬಂತು. ಕೃಷ್ಣೇಗೌಡರು ಕೊನೆಗೆ, ‘ಬದ್ಲಾಯಿಸ್ಬೇಡಿ ಮೇಡಂ, ಹಂಗೇ ಇರ್ಲಿ. ನಾನಿನ್ನು ಇವ್ನ ಹೊಸ್ತಿಲು ತುಳಿಯೋನಲ್ಲ’ ಎಂದು ಮೆಟ್ಟಿಲು ಹತ್ತಿ ಹೋದರು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು.

ನಾನು ಹಾಕಿದ್ದು ತಪ್ಪೆಂದು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಆಮೇಲೆ ಅಣ್ಣತಮ್ಮಂದಿರ ಕಟ್ಟಡ ಅಂದ ಕೂಡಲೇ ಬಟನ್‌ಗಳು ಅಡ್ಡಸಾಲಿನಲ್ಲಿರುವ ಪ್ಯಾನೆಲ್ಲನ್ನೇ ತರಿಸುತ್ತಿದ್ದೆ. ಅಡ್ಡಸಾಲಿನಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ನಮ್ಮ ಕಂಪನಿಯವರು ಯಾಕೆಂದು ಕೇಳಿದರೆ, ‘ನೋಡೋಕೆ ಚೆನ್ನಾಗಿರುತ್ತೆ’ ಎನ್ನುತ್ತಿದ್ದೆ. ಎಲ್ಲವನ್ನೂ ಆಫೀಸಿಗೆ ವಿವರಿಸುತ್ತಾ ಕೂರಲು ಆಗುವುದಿಲ್ಲ.

ಕೆಲವು ವರ್ಷಗಳಾದ ಮೇಲೆ ಆ ಮನೆಯಿಂದ ಕರೆ ಬಂತು. ಕೆಂಪಮ್ಮನವರು ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಹಾಲ್‌ನಲ್ಲಿದ್ದ ಇಂಟರ್‌ಕಾಂ ಫೋನನ್ನು ತಮ್ಮ ಮಂಚದ ಪಕ್ಕಕ್ಕೆ ಹಾಕಿಸಬೇಕೆಂದು ಹಟ ಹಿಡಿದಿದ್ದರಂತೆ. ‘ಈ ವಯಸ್ಸಲ್ಲಿ ಅತ್ತೆಗೆ ಗೇಟ್ ಕಾಯೋ ಕೆಲಸ ಬೇಕಂತೆ’ ಎಂದು ಬೋರೇಗೌಡರ ಹೆಂಡತಿ ನಕ್ಕರು.

ವೈರು ಎಳೆದು ಫೋನು ಕೂರಿಸಿ ಮುಗಿಸುವ ಹೊತ್ತಿಗೆ ಸಂಜೆಯಾಯಿತು. ಗೇಟಿನಿಂದ ಬೆಲ್ ಬಂತು. ನಾನು ಎತ್ತಲು ಕೈ ಚಾಚಿದರೆ ಕೆಂಪಮ್ಮ ನನ್ನ ಕೈ ತಳ್ಳಿ ತಾವೇ ಎತ್ತಿಕೊಂಡರು.

‘ಯಾರ್ಲಾ ಅದು?’

‘ನಾನು ಕಣವ್ವ.’ ಕೃಷ್ಣೇಗೌಡರ ದನಿ.

‘ಉಂಡ್ಯೇನ್ಲಾ ಮಧ್ಯಾನ?’

‘ಉಂಡೆ ಕಣವ್ವ. ಮಾತ್ರೆ ತಗಂಡ್ಯಾ?’

‘ತಗಂಡೆ. ಹೋಗು, ಕಾಲು ತೊಳ್ಕೊಂಡು ಏನಾರ ತಿನ್ನೋಗು.’

ಬಟನ್ ಒತ್ತಿದರು. ದೂರದಲ್ಲಿ ಲಾಕ್ ಟಕ್ಕೆಂದಿತು. ಕೆಂಪಮ್ಮ ಫೋನನ್ನು ಎದೆಯ ಮೇಲಿಟ್ಟುಕೊಂಡು, ಮಗ ಮೆಟ್ಟಿಲು ಹತ್ತುವ ಸದ್ದು ನಿಲ್ಲುವವರೆಗೆ ಕಿವಿಗೊಟ್ಟು ಮಲಗಿದ್ದರು. ಮಗ ಅಣ್ಣನ ಹೊಸ್ತಿಲು ತುಳಿಯುವುದಿಲ್ಲ, ತಾಯಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ತಾಯಿ ಮಗನಿಗೆ ದಿನಕ್ಕೆ ಸಿಗುವ ಮಾತು ಇಷ್ಟೇ. ಅದು ನಾನು ಎಳೆದ ವೈರಿನಲ್ಲಿ ಹರಿಯುತ್ತಿತ್ತು.

‘ಅವ್ರ ಹತ್ರ ಗೇಟಿನ ಬೀಗದ ಕೈ ಇಲ್ವಾ ಅಜ್ಜಿ?’ ಎಂದೆ.

‘ಐತೆ. ಜೇಬಲ್ಲೇ ಇರ್ತದೆ’ ಎಂದರು ಅಜ್ಜಿ. ‘ಆದ್ರೂ ಬೆಲ್ ಮಾಡ್ತಾನೆ ನನ್ ಮಗ.’

ಹೊರಗೆ ಬಂದು ಪ್ಯಾನೆಲ್ ನೋಡಿದೆ. ಕೃಷ್ಣೇಗೌಡರು ಎತ್ತರದ ಆಳು. ಅಮ್ಮನ ಜೊತೆ ಮಾತಾಡಲು ಅವರು ಸಂಜೆ ಸಂಜೆ ಬಗ್ಗಿ, ಅಣ್ಣನ ಹೆಸರಿನ ಪಕ್ಕದ ಬಟನ್ ಒತ್ತಬೇಕಿತ್ತು. ಆ ಚೀಟಿ ಮಾಸಿತ್ತು. ಹೊಸದು ಬರೆದು ಹಾಕಿ ಬಂದೆ.

ನನ್ನ ನಿವೃತ್ತಿ ಹತ್ತಿರ ಬಂದಾಗ ಮತ್ತೆ ಅದೇ ಮನೆಯ ಕೆಲಸ ಬಂತು. ಆ ಬೀದಿಯ ಒಂದು ಮನೆಗೆ ಯಾರೋ ಕೊರಿಯರ್‌ನವರೆಂದು ಸುಳ್ಳು ಹೇಳಿ ಒಳನುಗ್ಗಿದ್ದರಂತೆ. ಬಾಡಿಗೆಯವರು ಹೆದರಿದ್ದರು. ಬೋರೇಗೌಡರು ಕಾರ್ಡಿನ ಗೇಟು ಹಾಕಿಸಲು ನಿರ್ಧರಿಸಿದ್ದರು. ಹಳೆಯ ಪ್ಯಾನೆಲ್, ಹಳೆಯ ಫೋನುಗಳು ಎಲ್ಲ ಕಿತ್ತುಹಾಕಿ ಎಂದಿದ್ದರು. ರಂಗಸ್ವಾಮಿ ಸಾರ್ ಜಾಗಕ್ಕೆ ಬಂದಿದ್ದ ಹೊಸ ಸೂಪರ್‌ವೈಸರ್ ಕೂಡ, ‘ಹಳೇದು ಉಳಿಸ್ಬೇಡಿ ಮೇಡಂ, ಆಮೇಲೆ ಅದರ ಕಂಪ್ಲೇಂಟ್‌ಗೂ ನಾವೇ ಹೋಗ್ಬೇಕಾಗುತ್ತೆ’ ಎಂದ. ಅವನ ಲೆಕ್ಕದಲ್ಲಿ ಅದು ಸರಿಯೇ.

ನಾನು ಮನೆಯೊಳಗೆ ಹೋದದ್ದೇ ತಡ, ಕೆಂಪಮ್ಮ ನನ್ನ ವೇಲು ಹಿಡಿದು ಎಳೆದರು. ಇನ್ನೂ ಸಣ್ಣಗಾಗಿದ್ದರು. ‘ಇದನ್ನ ಕೀಳ್ತೀಯಂತೆ?’

‘ಹಾಗಂತ ಹೇಳಿದಾರೆ ಅಜ್ಜಿ.’

‘ಕಾರ್ಡು ಕೊಟ್ರೆ ಅವ್ನು ಸುಮ್ನೆ ಹೋಗ್ಬುಡ್ತಾನೆ ಕಣವ್ವ. ನಾನು ಯಾರ್ಲಾ ಅನ್ನೋದಾದ್ರೂ ಯಾರನ್ನ?’

ಸೀದಾ ಬೋರೇಗೌಡರ ಹತ್ತಿರ ಹೋದೆ. ಅವರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು.

‘ಗೌಡ್ರೇ, ಹಳೆ ಪ್ಯಾನೆಲ್ ಇರ್ಲಿ. ಪಕ್ಕದಲ್ಲೇ ಕಾರ್ಡಿನ ಮಿಷಿನ್ ಹಾಕ್ತೀನಿ. ಎರಡರಿಂದ್ಲೂ ಅದೇ ಲಾಕ್ ತೆಗಿಯುತ್ತೆ. ಕಾರ್ಡ್ ಮರೆತ್ರೆ, ನೆಂಟ್ರು ಬಂದ್ರೆ, ಬೆಲ್ ಬೇಕಾಗುತ್ತೆ.’

‘ನೆಂಟ್ರು ಮೊಬೈಲಿಗೆ ಫೋನ್ ಮಾಡ್ತಾರೆ. ಎರಡೆರಡು ಡಬ್ಬ ಗೋಡೆ ಮೇಲೆ ಯಾಕಮ್ಮ? ಕೀಳು ಅದನ್ನ.’

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ‘ಕಿತ್ರೆ ನಿಮ್ ತಾಯಿಗೆ ನಿಮ್ ತಮ್ಮನ ದನಿ ಕೇಳ್ಸಲ್ಲ ಗೌಡ್ರೇ. ಅವ್ರು ದಿನಾ ಮಾತಾಡೋದು ಅದ್ರಲ್ಲೇ’ ಎಂದೆ.

ಗದರುತ್ತಾರೆ ಎಂದುಕೊಂಡಿದ್ದೆ. ಅವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ‘ನಂಗೊತ್ತಿಲ್ಲ ಅಂದ್ಕೊಂಡ್ಯಾ? ದಿನಾ ಸಾಯಂಕಾಲ ಇಲ್ಲೇ ಕೂತ್ಕೊಂಡು ಕೇಳ್ತೀನಿ.’

‘ಮತ್ತೆ ಕೀಳು ಅಂತೀರಲ್ಲ?’

‘ಅದಿರೋದಕ್ಕೇ ಅವ್ನು ಗೇಟಿಂದಾನೆ ಮಾತಾಡ್ಸಿ ಹೋಗ್ತಾನೆ. ಅದಿಲ್ದೆ ಹೋದ್ರೆ ಅವ್ವನ್ನ ನೋಡಕ್ಕಾದ್ರೂ ಒಳಕ್ಕೆ ಬತ್ತಾನೇನೋ ಅಂತ.’

ಇಷ್ಟು ವರ್ಷ ಈ ಮನುಷ್ಯನನ್ನು ಕಲ್ಲೆಂದು ಬೈದುಕೊಂಡಿದ್ದೆನಲ್ಲ ಎಂದು ನನಗೆ ಪಿಚ್ಚೆನಿಸಿತು. ಆದರೂ ಕೇಳಲೇಬೇಕಿತ್ತು. ‘ಬರ್ದೆ ಹೋದ್ರೆ ಗೌಡ್ರೇ?’

ಅವರು ಒಳಕೋಣೆಯ ಕಡೆ ನೋಡಿದರು. ‘ಇರ್ಲಿ ಬಿಡು. ಎರಡೂ ಹಾಕು’ ಎಂದರು.

ಸೂಪರ್‌ವೈಸರ್‌ಗೆ ಫೋನು ಮಾಡಿ, ‘ಹಳೇದೂ ಉಳಿಯುತ್ತೆ. ಕಂಪ್ಲೇಂಟ್ ಬಂದ್ರೆ ನಾನೇ ಬರ್ತೀನಿ, ನಿವೃತ್ತಿ ಆದ್ಮೇಲೂ ಬರ್ತೀನಿ’ ಎಂದು ಹೇಳಿ, ಅವನು ಬಾಯಿ ತೆರೆಯುವ ಮೊದಲೇ ಇಟ್ಟೆ. ಆಮೇಲೆ ನಾನು ಮಾಡಿದ ಕೆಲಸ ನೋಡಬೇಕಿತ್ತು ನೀವು. ಹಳೆಯ ಪ್ಯಾನೆಲ್ ಬಿಚ್ಚಿ ಒಳಗಿನ ಧೂಳು, ಇರುವೆ ಎಲ್ಲ ತೆಗೆದು, ಮೈಕು ಸ್ಪೀಕರು ಹೊಸದು ಹಾಕಿದೆ. ಕೆಳಗಿನ ಬಟನ್ ಬಹಳ ಸವೆದಿತ್ತು, ಅದನ್ನೂ ಬದಲಾಯಿಸಿದೆ. ಪಕ್ಕದಲ್ಲಿ ಕಾರ್ಡಿನ ಯಂತ್ರ ಕೂರಿಸಿ, ಎರಡನ್ನೂ ಒಂದೇ ಲಾಕಿಗೆ ಸೇರಿಸಿದೆ. ಒಂದೇ ಒಂದು ವೈರು ಹೊರಗೆ ಕಾಣುತ್ತಿರಲಿಲ್ಲ. ಯಂತ್ರದ ತಲೆಯ ಮೇಲೆ ಕುಂಕುಮವಿಟ್ಟೆ. ಮನೆಮನೆಗೆ ಹೋಗಿ ಕಾರ್ಡು ಕೊಟ್ಟೆ. ಕೃಷ್ಣೇಗೌಡರು ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದರು. ಅವರ ಕೈಗೇ ಅವರ ಕಾರ್ಡು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡು ಮತ್ತೆ ಕೆಲಸಕ್ಕೆ ಹೋದರು.

ಕೆಲಸ ಮುಗಿಯಿತು, ಆದರೆ ರಂಗಸ್ವಾಮಿ ಸಾರ್ ಪಾಠ ಇತ್ತಲ್ಲ. ಗೇಟಿನ ಹೊರಗೆ ಬ್ಯಾಗು ಇಟ್ಟುಕೊಂಡು ನಿಂತೆ. ಬಾಡಿಗೆಯವರು ಬಂದರು, ಕಾರ್ಡು ಇಟ್ಟರು, ಟಕ್, ಒಳಗೆ ಹೋದರು. ಎಲ್ಲರಿಗೂ ಖುಷಿ. ಸಂಜೆ ಕೃಷ್ಣೇಗೌಡರು ಸ್ಕೂಟರ್ ನಿಲ್ಲಿಸಿ ಬಂದರು. ಅಜ್ಜಿಯ ಮಾತು ಕಿವಿಯಲ್ಲಿತ್ತು.

ಅವರು ಕಾರ್ಡು ಕೈಗೆ ತೆಗೆದುಕೊಂಡು ಎರಡೂ ಯಂತ್ರಗಳನ್ನು ನೋಡಿದರು. ‘ಇದನ್ನ ಇಟ್ರೆ ಸಾಕಾ ಮೇಡಂ?’

‘ಸಾಕು ಸಾರ್.’

‘ಅದು?’

‘ಅದೂ ಮೊದ್ಲಿನ ಹಂಗೇ ಇದೆ.’

ಕಾರ್ಡನ್ನು ಜೇಬಿಗೆ ಹಾಕಿದರು. ಬಗ್ಗಿ ಕೆಳಗಿನ ಬಟನ್ ಒತ್ತಿದರು.

ಒಳಗೆ ಬೆಲ್ ಆಯಿತು. ಯಾರೂ ಎತ್ತಲಿಲ್ಲ. ಮತ್ತೆ ಆಯಿತು. ಒಂದು ಗಳಿಗೆ ಕೂಡ ತಡ ಮಾಡದ ಅಜ್ಜಿ ಯಾಕೆ ಎತ್ತುತ್ತಿಲ್ಲವೋ ನನಗೆ ತಿಳಿಯಲಿಲ್ಲ. ಕೃಷ್ಣೇಗೌಡರ ಮುಖ ಬಿಳಿಚಿಕೊಂಡಿತು. ಕೊನೆಗೆ ಯಾರೋ ಎತ್ತಿದರು.

‘ಯಾರು?’

ಬೋರೇಗೌಡರ ದನಿ. ಕೃಷ್ಣೇಗೌಡರು ಪ್ಯಾನೆಲ್ಲಿಗೆ ಬಾಯಿ ಹತ್ತಿರ ತಂದು ಹಾಗೇ ನಿಂತರು.

‘ಯಾರು?’

‘ನಾನು ಕಣಣ್ಣ’ ಎಂದರು ಕೃಷ್ಣೇಗೌಡರು. ‘ಅವ್ವಂಗೇನಾಯ್ತು?’

‘ಏನೂ ಆಗಿಲ್ಲ. ಚೆನ್ನಾಗವ್ಳೆ. ನಾನು ಎತ್ತಲ್ಲ, ನೀನೇ ಎತ್ತು ಅಂತ ನನ್ ಕರ್ದು ಕೂರ್ಸ್‌ಕೊಂಡವ್ಳೆ.’

ನಾನು ಲಾಕಿನ ಸದ್ದಿಗೆ ಕಾದೆ. ಟಕ್ ಅನ್ನಲಿಲ್ಲ. ಅಯ್ಯೋ ದೇವರೇ, ಇಷ್ಟು ದಿನ ಕೈಕೊಡದ ಲಾಕು ಇವತ್ತೇ ಕೈಕೊಟ್ಟಿತಾ ಎಂದು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದೆ. ಅಷ್ಟರಲ್ಲಿ ಒಳಗಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಬೋರೇಗೌಡರು ನಡೆದು ಬಂದು ತಮ್ಮ ಕೈಯಿಂದಲೇ ಚಿಕ್ಕ ಗೇಟು ತೆಗೆದರು.

‘ಯಾವ್ ಬಟನ್ ಒತ್ತಬೇಕೋ ಏನೋ, ಅವ್ವ ಹೇಳ್ಕೊಡ್ಲಿಲ್ಲ’ ಎಂದರು. ತಮ್ಮನ ಮುಖ ನೋಡದೆ, ‘ಬಾ’ ಎಂದರು.

ಕೃಷ್ಣೇಗೌಡರು ಮೆಟ್ಟಿಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ಅಣ್ಣನ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋದರು.

ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದೆ. ಬೋರೇಗೌಡರು ಅವಸರದಲ್ಲಿ ಫೋನನ್ನು ಸರಿಯಾಗಿ ಇಟ್ಟಿರಲಿಲ್ಲ. ಲೈನು ಇನ್ನೂ ತೆರೆದೇ ಇತ್ತು. ನಾನು ಹೊಸದಾಗಿ ಹಾಕಿದ ಸ್ಪೀಕರಿನಲ್ಲಿ ಮೊದಲು ಕುರ್ಚಿ ಎಳೆದ ಸದ್ದು, ಆಮೇಲೆ ಅಜ್ಜಿಯ ದನಿ, ಎದುರಿಗೇ ನಿಂತು ಕೇಳಿದಷ್ಟು ಸ್ಪಷ್ಟವಾಗಿ ಬಂತು.

‘ಯಾರ್ಲಾ ಅದು?’

‘ನಾನು ಕಣವ್ವ.’

ಫೋನು ಹೀಗೆ ಜಾಗದಲ್ಲಿ ಕೂರದಿದ್ದರೆ ಒಳಗೆ ಹೋಗಿ ಸರಿಯಾಗಿ ಇಡಿಸಿ ಬರಬೇಕು, ಅದು ಕೆಲಸದ ನಿಯಮ. ನಾನು ಹೋಗಲಿಲ್ಲ. ಗೇಟನ್ನು ಸದ್ದಾಗದಂತೆ ಎಳೆದುಕೊಂಡು, ಬ್ಯಾಗು ಹೆಗಲಿಗೆ ಹಾಕಿ ಮೆಟ್ರೋ ಸ್ಟೇಷನ್ ಕಡೆ ನಡೆದೆ.